ಕುಂಬಳಕಾಯಿ ಕೋಣೆ

ಮದುವೆಯಾಗಿ ನಾನು ಜಂಗಮಕೋಟೆಯ ಹತ್ತಿರದ ಹಳ್ಳಿಗೆ ಬಂದಾಗ ಆ ಮನೆಯ ಅತಿ ದೊಡ್ಡ ಕೋಣೆಯಲ್ಲಿ ಮನುಷ್ಯರು ಇರುತ್ತಿರಲಿಲ್ಲ, ರೇಷ್ಮೆಹುಳುಗಳಿದ್ದವು. ಹೊಸದಾಗಿ ಮದುವೆಯಾದ ನಮ್ಮಿಬ್ಬರಿಗೆ ಸಿಕ್ಕಿದ್ದು ರಾಗಿ ಮೂಟೆಗಳ ಪಕ್ಕದ ಇಕ್ಕಟ್ಟಿನ ಕೋಣೆ. ಗಾಳಿಬೆಳಕು ಚೆನ್ನಾಗಿ ಆಡುತ್ತಿದ್ದ, ಎರಡು ಕಡೆ ಕಿಟಕಿಯಿದ್ದ ಹಜಾರವೆಲ್ಲ ಬಿದಿರು ತಟ್ಟೆಗಳಿಗೆ, ಅದರೊಳಗಿನ ಹುಳುಗಳಿಗೆ.

ನನ್ನ ತವರು ಗೌರಿಬಿದನೂರು. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪಿಯುಸಿವರೆಗೆ ಓದಿದ್ದ ನನಗೆ ಹುಳುಗಳ ಪರಿಚಯವಿದ್ದದ್ದು ಜಿರಲೆಯ ಚಿತ್ರ ಬರೆದಷ್ಟೇ. ಮೊದಲ ಸಲ ಸೊಪ್ಪು ಹಾಕಲು ಹೋದಾಗ ತಣ್ಣನೆಯ ಹುಳುವೊಂದು ಮುಂಗೈ ಮೇಲೆ ಹತ್ತಿ, ನಾನು ತಟ್ಟೆಯನ್ನೇ ಕೈಬಿಡುವುದರಲ್ಲಿದ್ದೆ. ಅತ್ತೆ ಬೈಯಲಿಲ್ಲ. ತಟ್ಟೆಯನ್ನು ತೆಗೆದುಕೊಂಡು, ಹುಳುವನ್ನು ಎರಡು ಬೆರಳಲ್ಲಿ ಮೆಲ್ಲಗೆ ಬಿಡಿಸಿ, "ಅದಕ್ಕೂ ನೀನು ಹೊಸಬಳು ಕಣಮ್ಮ" ಅಂದರು.

ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನನ್ನವರು ಶಿಡ್ಲಘಟ್ಟದ ಆಫೀಸೊಂದರಲ್ಲಿ ಗುಮಾಸ್ತರು. ಬೆಳಗಿನ ಬಸ್ಸಿಗೆ ಹೋದರೆ ಬರುತ್ತಿದ್ದದ್ದು ಸಂಜೆಗೆ. ಹಾಗಾಗಿ ಹಿಪ್ಪುನೇರಳೆ ತೋಟವೂ ಹುಳುವಿನ ಮನೆಯೂ ಅತ್ತೆಯ ಆಡಳಿತದಲ್ಲೇ ನಡೆಯುತ್ತಿದ್ದವು. ಅವರ ಕಟ್ಟಳೆಗಳು ಬಹಳ. ಊದುಬತ್ತಿ ಹಚ್ಚುವಂತಿಲ್ಲ. ಮುಖಕ್ಕೆ ಪೌಡರ್ ಹಾಕಿಕೊಂಡು ಹುಳುವಿನ ಮನೆಗೆ ಕಾಲಿಡುವಂತಿಲ್ಲ. ಮೆಣಸಿನಕಾಯಿ ಒಗ್ಗರಣೆ ಹಾಕುವಾಗ ನಡುಬಾಗಿಲು ಮುಚ್ಚಿರಬೇಕು. ಹುಳು ಸೊಪ್ಪು ಬಿಟ್ಟು ತಲೆಯೆತ್ತಿ ಮಲಗಿ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರದಲ್ಲಿ ಮಲಗಿದ ಹುಳುವಿನ ಹತ್ತಿರ ಅತ್ತೆ ಮಾತನ್ನೂ ಸಣ್ಣ ದನಿಯಲ್ಲೇ ಆಡುತ್ತಿದ್ದರು.

ನಮ್ಮ ತೋಟಕ್ಕೆ ಅಂಟಿಕೊಂಡಂತೆ ಚಿಕ್ಕಮಾವನ ಜಮೀನು. ಮಾವನ ತಮ್ಮ ಅವರು. ಮದುವೆಯಾಗಿರಲಿಲ್ಲ, ತೋಟದ ಮನೆಯಲ್ಲಿ ಒಬ್ಬರೇ ಇದ್ದರು. ಚಿಕ್ಕವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡವರಿಗೆ ಮುದ್ದೆ ಕಟ್ಟಿ ಹಾಕಿ ಬೆಳೆಸಿದ್ದು ನಮ್ಮ ಅತ್ತೆಯೇ. ಎರಡು ಹೊತ್ತೂ ಊಟಕ್ಕೆ ನಮ್ಮ ಮನೆಗೇ ಬರುತ್ತಿದ್ದರು. ಸಮಾಧಾನದಲ್ಲಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಅತ್ತಿಗೆಯನ್ನು ಮಾತ್ರ ಎರಡರಲ್ಲೂ "ವದಿನಾ" ಎಂದೇ ಕರೆಯುತ್ತಿದ್ದರು. ಅಂಗಳದಿಂದ ಯಾವ ಭಾಷೆ ಕೇಳಿಸುತ್ತದೆ ಎಂಬುದರ ಮೇಲೆ ನಾನು ತಟ್ಟೆ ಮೊದಲು ಇಡಬೇಕೋ ನೀರು ಮೊದಲು ಕೊಡಬೇಕೋ ಎಂದು ತೀರ್ಮಾನ ಮಾಡುತ್ತಿದ್ದೆ.

ಅವರು ಒಮ್ಮೆ ನಂದಿಗೆ ನೆಂಟರ ಮನೆಗೆ ಹೋಗಿ ಅಲ್ಲಿನ ದ್ರಾಕ್ಷಿ ಚಪ್ಪರಗಳನ್ನು ನೋಡಿ ಬಂದರು. ಬರುವಾಗ ಒದ್ದೆ ಗೋಣಿಯಲ್ಲಿ ಬಳ್ಳಿ ಕಡ್ಡಿ ಸುತ್ತಿಕೊಂಡೇ ಬಂದಿದ್ದರು. ಕಲ್ಲುಕಂಬ ನೆಟ್ಟು, ತಂತಿ ಎಳೆಸಿ, ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಂಡರು. ಚಪ್ಪರ ತುಂಬಿ ಮೊದಲ ಗೊಂಚಲು ಕಪ್ಪಾದ ವರ್ಷ ಊರಿಗೆಲ್ಲ ಹಂಚಿದರು. ಅದಾದ ಮರುಬೆಳೆಗೆ ಗೊಂಚಲಿನ ಸಂದುಗಳಲ್ಲಿ ಅರಳೆ ತುರುಕಿದ ಹಾಗೆ ಬೆಳ್ಳಗೆ ಏನೋ ಕಾಣಿಸಿತು. ಹಿಟ್ಟು ತಿಗಣೆ. ಮೈಮೇಲೆ ಅಕ್ಕಿಹಿಟ್ಟು ಉದುರಿಸಿಕೊಂಡಂತಿರುವ ಸಣ್ಣ ಕೀಟ. ರಸ ಹೀರಿ ಅಂಟು ಬಿಡುತ್ತದೆ, ಅಂಟಿಗೆ ಇರುವೆ ಮುತ್ತುತ್ತದೆ, ಹಣ್ಣಿನ ಮೇಲೆಲ್ಲ ಕಾಡಿಗೆಯಂಥ ಮಸಿ ಹಬ್ಬುತ್ತದೆ. ಅಂಥ ಗೊಂಚಲನ್ನು ಕೊಳ್ಳುವವನು ಕೈಯಲ್ಲೂ ಹಿಡಿಯುವುದಿಲ್ಲ.

ಚಿಕ್ಕಮಾವ ಅಂಗಡಿಯವನು ಕೊಟ್ಟ ಔಷಧಿ ಹೊಡೆದರು. ಮೈಮೇಲಿನ ಹಿಟ್ಟು ಜಿಡ್ಡಿನಂಥದು. ಔಷಧಿಯ ನೀರು ಅದರ ಮೇಲೆ ಜಾರಿ ಹೋಗುತ್ತಿತ್ತು. ತೊಗಟೆಯ ಒಳಗೆ ಅಡಗಿದ್ದವಕ್ಕಂತೂ ತಾಕಲೇ ಇಲ್ಲ. ಇನ್ನೂ ಖಾರವಾದ ಔಷಧಿ ತಂದರು. ಆ ದಿನ ಗಾಳಿ ನಮ್ಮ ತೋಟದ ಕಡೆಗಿತ್ತು.

ನಮ್ಮ ಹುಳು ಕೊನೆಯ ಜ್ವರ ಎದ್ದು ಭರದಿಂದ ಮೇಯುತ್ತಿದ್ದ ಸಮಯ. ಬೆಳಗ್ಗೆ ಕೊಯ್ದು ತಂದ ಸೊಪ್ಪು ಹಾಕಿದೆವು. ಸ್ವಲ್ಪ ಹೊತ್ತಿಗೆ ಹುಳುಗಳು ತಲೆ ಆಡಿಸತೊಡಗಿದವು, ಆಮೇಲೆ ಹಸಿರು ರಸ ಕಕ್ಕಿ ಒಂದರ ಮೇಲೊಂದು ಹೊರಳಿದವು. ಸಂಜೆಯ ಹೊತ್ತಿಗೆ ತಟ್ಟೆಗಳಲ್ಲಿ ಚಲನೆ ಇರಲಿಲ್ಲ. ಗೊಬ್ಬರದ ಗುಂಡಿಗೆ ಹೊತ್ತು ಹಾಕಿ ಬಂದ ಮೇಲೆ ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಾಗಿಲಲ್ಲಿ ಕೂತರು. ವಿಷಯ ತಿಳಿದ ಚಿಕ್ಕಮಾವ ಓಡಿ ಬಂದು ಅಂಗಳದಲ್ಲೇ ನಿಂತರು. ಕನ್ನಡವೂ ಹೊರಡಲಿಲ್ಲ, ತೆಲುಗೂ ಹೊರಡಲಿಲ್ಲ. ಅತ್ತೆ ತಲೆಯೆತ್ತಿ ನೋಡಲಿಲ್ಲ. ಅವರು ಹಾಗೇ ಹೊರಟುಹೋದರು.

ಮಾರನೆಯ ದಿನದಿಂದ ಊಟಕ್ಕೆ ಬರಲಿಲ್ಲ. ನಾಚಿಕೆಯಿಂದಲೇ ಇರಬೇಕು. ಅತ್ತೆಯೂ ಕರೆಯಲಿಲ್ಲ. ಆದರೆ ಕೈ ಮಾತು ಕೇಳಬೇಕಲ್ಲ, ದಿನವೂ ಒಂದು ಮುದ್ದೆ ಹೆಚ್ಚಾಗಿಯೇ ಬೀಳುತ್ತಿತ್ತು. ಆ ಮುದ್ದೆಯನ್ನು ಹಸುವಿಗೆ ಹಾಕಿ ಬರುತ್ತಿದ್ದರು. ಹಸು ದುಂಡಗಾಯಿತು, ಚಿಕ್ಕಮಾವ ಸೊರಗಿದರು.

ಸರಿಪಡಿಸಲು ಅವರು ತಮಗೆ ತೋಚಿದ್ದೆಲ್ಲ ಮಾಡಿದರು. ಗಾಳಿಯಿಲ್ಲದ ಮುಂಜಾನೆ ಮಾತ್ರ ಹೊಡೆದರು. ಬದುವಿನ ಉದ್ದಕ್ಕೂ ಗಳ ನೆಟ್ಟು ಹಳೆಯ ಸೀರೆಗಳನ್ನು ಅಡ್ಡ ಕಟ್ಟಿದರು. ದಾರಿಯಲ್ಲಿ ಹೋಗುವವರು ಇದ್ಯಾವ ಮನೆಯ ಒಗೆತ ಇಷ್ಟೊಂದು ಎಂದು ನಿಂತು ನೋಡುತ್ತಿದ್ದರು. ನಮ್ಮ ಅಪ್ಪ ಗೌರಿಬಿದನೂರಿನಿಂದ ಬಂದಾಗ ಬೇವಿನ ಬೀಜ ಅರೆದು ಕಷಾಯ ಮಾಡಿ ಹೊಡೆಯಿರಿ ಎಂದರು. ಅದನ್ನೂ ಮಾಡಿದರು. ಆದರೆ ಬೇವಿನ ಕಹಿ ಬದುವಿನ ಪಕ್ಕದ ಸೊಪ್ಪಿಗೂ ತಾಕಿತು. ನಮ್ಮ ಹೊಸ ಹುಳುಗಳು ಆ ಎಲೆಯ ಮೇಲೆ ತಲೆಯಿಟ್ಟು, ಮುಖ ತಿರುಗಿಸಿಕೊಂಡು ಕೂತವು. ಸಾಯಲಿಲ್ಲ ಎಂಬುದೇ ಸಮಾಧಾನ.

ಹೀಗಿರುವಾಗ ಒಂದು ಸಂಜೆ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಬರುತ್ತಿತ್ತು. ನಾನು ಸೊಪ್ಪು ಹೆಚ್ಚುತ್ತ ಕೂತಿದ್ದೆ. ಹೆಣ್ಣುಮಗಳೊಬ್ಬರು ಮಾತಾಡುತ್ತಿದ್ದರು. ಹಿಟ್ಟು ತಿಗಣೆಯನ್ನು ತಿಂದು ಬದುಕುವ ಒಂದು ಗುಲಗಂಜಿ ಹುಳುವಿದೆ, ದೂರದೇಶದಿಂದ ಬಂದದ್ದು, ಬೆಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ಅದನ್ನು ಸಾಕುತ್ತಿದ್ದೇವೆ, ದ್ರಾಕ್ಷಿ ಬೆಳೆಗಾರರು ಬಂದು ನೋಡಬಹುದು ಎಂದರು. ನಾನು ಕುಡುಗೋಲು ಕೆಳಗಿಟ್ಟೆ.

ಬೆಳಗ್ಗೆ ಎದ್ದು ಬದುವಿನ ಹತ್ತಿರ ಹೋಗಿ ಸೀರೆ ಸರಿಸಿ ಚಿಕ್ಕಮಾವನಿಗೆ ಹೇಳಿದೆ. ಅವರು ಬಳ್ಳಿ ಕಟ್ಟುವುದನ್ನು ನಿಲ್ಲಿಸಿದರು.

"ಹುಳ ಓಡ್ಸಕ್ಕೆ ಇನ್ನೊಂದು ಹುಳ ತರೋದಾ? ಇರೋ ಹುಳಕ್ಕೇ ನಿಮ್ಮತ್ತೆ ಮಾತು ಬಿಟ್ಟವ್ಳೆ ಕಣಮ್ಮ."

"ನೋಡಿ ಬರಣ ಚಿಕ್ಕಮಾವ. ನೋಡಕ್ಕೇನು."

ನನ್ನವರಿಗೆ ರಜೆ ಸಿಗಲಿಲ್ಲ. ಕೊನೆಗೆ ಅತ್ತೆಯೇ, "ನೀನು ಓದ್ದೋಳು, ನೀನೇ ಹೋಗ್ಬಾ" ಎಂದರು. ಯಾರ ಜೊತೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊರಡುವಾಗ ಕೈಗೆ ಕೊಟ್ಟ ಟಿಫನ್ ಕ್ಯಾರಿಯರ್ ಮಾತ್ರ ಒಬ್ಬರ ಊಟಕ್ಕೆ ಬಹಳ ಭಾರವಾಗಿತ್ತು.

ಬಸ್ಸಿನಲ್ಲಿ ನಾನು ಹೆಂಗಸರ ಸೀಟಿನಲ್ಲಿ, ಚಿಕ್ಕಮಾವ ಹಿಂದೆ. ಪ್ರಯೋಗಾಲಯದ ಆವರಣದಲ್ಲಿ ಹೊಂಗೆಮರದ ಕೆಳಗೆ ಕೂತು ಕ್ಯಾರಿಯರ್ ಬಿಚ್ಚಿದೆ. ಮೇಲಿನ ಡಬ್ಬಿಯಲ್ಲಿ ನನಗೆ ಚಿತ್ರಾನ್ನ. ಕೆಳಗಿನದರಲ್ಲಿ ಹುರುಳಿಕಾಳಿನ ಉಪ್ಪುಸಾರು, ಎರಡು ಮುದ್ದೆ, ಪಕ್ಕದಲ್ಲಿ ಬೆಳ್ಳುಳ್ಳಿ ಖಾರ. ಮನೆಯಲ್ಲಿ ಆ ಖಾರ ತಿನ್ನುತ್ತಿದ್ದವರು ಚಿಕ್ಕಮಾವ ಒಬ್ಬರೇ. ಅವರು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. "ಉಪ್ಪು ಸರಿಯಾಗೈತೆ" ಎಂದಷ್ಟೇ ಹೇಳಿದರು.

ರೇಡಿಯೋದಲ್ಲಿ ಮಾತಾಡಿದ ಮೇಡಂ ಸರಳ ಮನುಷ್ಯರು. ನಮ್ಮ ಕಥೆಯನ್ನೆಲ್ಲ ಕೇಳಿಸಿಕೊಂಡರು. ವಿಷವಿಲ್ಲದ ಪುಡಿ ಏನಾದರೂ ಇದೆಯೇ ಎಂದು ಚಿಕ್ಕಮಾವ ಕೇಳಿದ್ದಕ್ಕೆ, ಒಂದು ಬ್ಯಾಕ್ಟೀರಿಯಾದ ಪುಡಿ ಇದೆ, ಎಲೆಕೋಸು ಕೊರೆಯುವ ಹುಳುವಿಗೆ ರೋಗ ಹತ್ತಿಸಿ ಕೊಲ್ಲುತ್ತದೆ, ಜನರಿಗೆ ದನಕ್ಕೆ ಏನೂ ಮಾಡುವುದಿಲ್ಲ ಎಂದರು. ಆದರೆ ಅದು ತಿಗಣೆಗೆ ತಾಕದು, ಮತ್ತು ನಿಮ್ಮ ಊರಿನ ಹತ್ತಿರವೂ ಅದನ್ನು ಒಯ್ಯಬೇಡಿ, ಕೋಸಿನ ಹುಳುವಿನ ಜಾತಿಯದೇ ಅಲ್ಲವೇ ನಿಮ್ಮ ರೇಷ್ಮೆಹುಳು ಎಂದರು. ನೈಸರ್ಗಿಕ ಎಂದ ಮಾತ್ರಕ್ಕೆ ಎಲ್ಲರಿಗೂ ಒಳ್ಳೆಯದಲ್ಲ ಎಂದು ನನಗೆ ಅರ್ಥವಾದದ್ದು ಅಂದು.

ಆಮೇಲೆ ಒಂದು ಕೋಣೆಗೆ ಕರೆದುಕೊಂಡು ಹೋದರು. ಸಾಲಾಗಿ ಜಾಲರಿಯ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯಲ್ಲೂ ಒಂದು ಸಿಹಿಕುಂಬಳಕಾಯಿ. ಕಾಯಿಯ ಮೈತುಂಬ ಬೆಳ್ಳಗೆ ತಿಗಣೆ. ಅದರ ಮೇಲೆ ಮೆಣಸಿನ ಕಾಳಿಗಿಂತ ಸ್ವಲ್ಪ ಚಿಕ್ಕದಾದ, ಕಪ್ಪು ಬೆನ್ನು ಕಿತ್ತಳೆ ತಲೆಯ ಹುಳುಗಳು ಗಡಿಬಿಡಿಯಿಲ್ಲದೆ ಓಡಾಡುತ್ತಿದ್ದವು. ತಿಗಣೆ ಬೆಳೆಯಲು ಕುಂಬಳಕಾಯಿ, ಗುಲಗಂಜಿ ಬೆಳೆಯಲು ತಿಗಣೆ. ಚಿಕ್ಕಮಾವ ಆ ವಾಸನೆಗೆ ಮೂಗು ಮುಚ್ಚಿಕೊಂಡು ಹೊರಗೆ ಹೋದರು. ಅವರು ಹೋದ ಮೇಲೆ ಮೇಡಂ ಇನ್ನೂ ಕೆಲವು ಮಾತು ಹೇಳಿದರು: ಔಷಧಿ ಹೊಡೆಯುವುದನ್ನು ನಿಲ್ಲಿಸಬೇಕು, ಇರುವೆ ಬಳ್ಳಿಗೆ ಹತ್ತದ ಹಾಗೆ ನೋಡಿಕೊಳ್ಳಬೇಕು, ಏಕೆಂದರೆ ಇರುವೆಗಳು ಅಂಟಿನ ಆಸೆಗೆ ತಿಗಣೆಯನ್ನು ಕಾಯುತ್ತವೆ, ಗುಲಗಂಜಿಯನ್ನು ಓಡಿಸುತ್ತವೆ. ಗುಲಗಂಜಿಯ ಮರಿಗಳ ಮೈಮೇಲೂ ಬಿಳಿ ಮೇಣದ ಎಳೆಗಳಿರುತ್ತವೆ, ನೋಡಲು ತಿಗಣೆಯ ಹಾಗೇ ಇರುತ್ತವೆ, ಹೆದರಬೇಡಿ ಎಂದೂ ಹೇಳಿದರು. ಅವರು ಕೊಟ್ಟ ಡಬ್ಬಿಯ ಬಾಯಿಗೆ ತೆಳುಬಟ್ಟೆ ಕಟ್ಟಿತ್ತು. ವಾಪಸು ಬರುವಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಕಂಡಕ್ಟರ್ ಏನದು ಎಂದು ಬಗ್ಗಿ ನೋಡಿ, ಹುಳು ಕಂಡು, ಏನೂ ಕೇಳದೆ ಮುಂದೆ ಹೋದ.

ಚಿಕ್ಕಮಾವ ಮಾಡಿದರೆ ಕೆಲಸ ಅಚ್ಚುಕಟ್ಟು. ಪ್ರತಿ ಬಳ್ಳಿಯ ಬುಡಕ್ಕೂ ಗ್ರೀಸ್ ಮೆತ್ತಿದ ಬಟ್ಟೆ ಸುತ್ತಿದರು. ಇರುವೆ ಕಂಬ ಹತ್ತಿ ಚಪ್ಪರಕ್ಕೆ ಹೋಗುತ್ತದೆಂದು ಕಲ್ಲುಕಂಬಗಳಿಗೂ ಸುತ್ತಿದರು. ಹೊತ್ತು ಇಳಿಯುವಾಗ ನಾವಿಬ್ಬರೂ ಗುಲಗಂಜಿಗಳನ್ನು ಬಳ್ಳಿಯ ಮೇಲೆ ಬಿಟ್ಟೆವು. ಎರಡು ದಿನ ಎಲ್ಲಿ ಹೋದವೆಂದೇ ಕಾಣಲಿಲ್ಲ. ಚಿಕ್ಕಮಾವ ಬೆಳಗಾದರೆ ಚಪ್ಪರದ ಕೆಳಗೆ ಕತ್ತು ಎತ್ತಿಕೊಂಡು ತಿರುಗಿದ್ದೇ ತಿರುಗಿದ್ದು.

ಕೆಲವು ವಾರ ಕಳೆದಿರಬೇಕು. ನಾನು ಸೊಪ್ಪು ಕೊಯ್ಯುತ್ತಿದ್ದೆ. ಬದುವಿನ ಆಚೆಯಿಂದ ಜೋರಾಗಿ ತೆಲುಗು ಕೇಳಿಸಿತು. ಸೀರೆ ಸರಿಸಿದರೆ ಚಿಕ್ಕಮಾವ ಸ್ಪ್ರೇಯರ್ ಹೊರಗೆ ತಂದು ನಳಿಕೆ ಉಜ್ಜುತ್ತಿದ್ದಾರೆ. ನಾನು ಸೊಪ್ಪಿನ ಮೂಟೆ ಅಲ್ಲೇ ಬಿಟ್ಟು ಓಡಿದೆ.

"ನಿನ್ನ ಮೇಡಮ್ಮು ಒಳ್ಳೆ ಕೆಲಸ ಮಾಡಿದ್ಲು" ಅಂದರು. "ಹೋಗಿ ನೋಡು. ತಿಗಣೆ ಸಾಯೋದಿರಲಿ, ಒಂದೊಂದು ಮೂರರಷ್ಟು ದಪ್ಪ ಆಗವೆ. ಉದ್ದುದ್ದ ಕೂದಲು ಬೇರೆ ಬಂದೈತೆ."

ನನಗೆ ಮೇಡಂ ಹೇಳಿದ್ದು ನೆನಪಿಗೆ ಬಂತು. ಇರುವೆಯ ವಿಷಯ ಹೇಳಿದವಳು ಇದನ್ನು ಅವರಿಗೆ ಹೇಳಲು ಮರೆತಿದ್ದೆ. ಅದು ತಿಗಣೆಯಲ್ಲ, ನಾವು ಬಿಟ್ಟ ಗುಲಗಂಜಿಯ ಮರಿ ಎಂದೆ. ಅವರು ನಂಬಲಿಲ್ಲ. ತಿಗಣೆ ತಿನ್ನಲು ಬಂದದ್ದು ತಿಗಣೆಯ ವೇಷ ಯಾಕೆ ಹಾಕುತ್ತದೆ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಾನು ಬಾಯಲ್ಲಿ ವಾದ ಮಾಡದೆ ಒಂದು ಕಡ್ಡಿ ಮುರಿದುಕೊಂಡು, ಅವರನ್ನೂ ಕರೆದುಕೊಂಡು ಮನೆಗೆ ಬಂದೆ. ಬಹಳ ದಿನದ ಮೇಲೆ ಅವರು ನಮ್ಮ ಜಗಲಿ ಹತ್ತಿದ್ದು ಹಾಗೆ, ಸಿಟ್ಟಿನಲ್ಲಿ.

ಕಡ್ಡಿಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಇಬ್ಬರೂ ಬಗ್ಗಿ ನೋಡಿದೆವು. ಮೊದಲು ಎಲ್ಲವೂ ಸುಮ್ಮನೆ ಬೆಳ್ಳಗೆ ಬಿದ್ದಿದ್ದವು. ಸ್ವಲ್ಪ ಹೊತ್ತಿಗೆ ದಪ್ಪನೆಯದೊಂದು, ಮೈಮೇಲಿನ ಬಿಳಿ ಎಳೆಗಳನ್ನು ಆಡಿಸುತ್ತ, ಕಾಲು ಚಾಚಿ ನಡೆಯಿತು. ಕಡ್ಡಿಯ ಗಿಣ್ಣಿನಲ್ಲಿ ಕೂತಿದ್ದ ತಿಗಣೆಯೊಂದರ ಹತ್ತಿರ ಹೋಗಿ ತಲೆಯಿಟ್ಟಿತು. ತಿಗಣೆ ಕಾಲು ಬಡಿದುಕೊಂಡಿತು, ಆಮೇಲೆ ಬಡಿದುಕೊಳ್ಳಲಿಲ್ಲ. ದಪ್ಪನೆಯದು ಅದನ್ನು ಮುಗಿಸಿ ಪಕ್ಕದ್ದಕ್ಕೆ ಹೋಯಿತು.

ಒಳಗಿಂದ ಅತ್ತೆ ಯಾವಾಗ ಬಂದು ನಮ್ಮ ಹಿಂದೆ ನಿಂತಿದ್ದರೋ ಗೊತ್ತಿಲ್ಲ. "ನಮ್ಮ ಹುಳಕ್ಕಿಂತ ಚೆನ್ನಾಗಿ ಮೇಯ್ತದೆ ಕಣೋ ಇದು" ಅಂದರು. ಚಿಕ್ಕಮಾವನಿಗೆ ಅವರು ಆಡಿದ ಮಾತು ಅದೇ ಮೊದಲು, ಅಷ್ಟು ದಿನಗಳ ಮೇಲೆ. ಚಿಕ್ಕಮಾವ ತಟ್ಟೆಯಿಂದ ಕಣ್ಣು ಕೀಳದೆಯೇ, "ಹೌದು ವದಿನಾ, ಚೆನ್ನಾಗಿ ಮೇಯ್ತದೆ" ಅಂದರು. ಅತ್ತೆ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದರು, ಊಟದ್ದು. ಅಂದು ಹಸುವಿಗೆ ಮುದ್ದೆ ಸಿಗಲಿಲ್ಲ. ಸ್ಪ್ರೇಯರಿಗೆ ಔಷಧಿ ಇನ್ನೂ ಬೆರೆಸಿರಲಿಲ್ಲವಾದ್ದರಿಂದ ಸುರಿದುಬಿಡುವ ಕೆಲಸವೂ ಇರಲಿಲ್ಲ.

ಆ ಬೆಳೆಯಲ್ಲಿ ಎಲ್ಲ ಗೊಂಚಲೂ ಉಳಿಯಿತೆಂದು ಹೇಳಲಾರೆ. ಚಪ್ಪರದ ಒಂದು ಮೂಲೆಗೆ ಗುಲಗಂಜಿ ತಡವಾಗಿ ಹೋಯಿತು, ಅಲ್ಲಿನದು ಮಸಿಯಾಗಿಯೇ ಹೋಯಿತು. ಉಳಿದದ್ದನ್ನು ತೊಳೆಯದೆ ಬಾಯಿಗೆ ಹಾಕಿಕೊಳ್ಳಬಹುದಿತ್ತು. ನಾನು ಹಾಗೇ ತಿಂದೆ. ಬಸುರಿಯಾಗಿದ್ದೆ, ಯಾರೂ ತಡೆಯಲಿಲ್ಲ.

ಮುಂದಿನ ಬೆಳೆಗೆ ಗುಲಗಂಜಿ ಹೆಚ್ಚು ಬೇಕೆಂದಾಗ ನಾವೇ ಸಾಕೋಣ ಎಂದೆ. ಹುಳು ಸಾಕುವುದು ನನಗೆ ಅಷ್ಟು ಹೊತ್ತಿಗೆ ಅಭ್ಯಾಸವಾಗಿತ್ತು. ಹಿತ್ತಲಿನಲ್ಲಿ ಒರಳುಕಲ್ಲಿದ್ದ ಕೋಣೆಯೊಂದು ಖಾಲಿಯಿತ್ತು. ಮನೆಯೊಳಕ್ಕೆ ಬೇಕೆಂದೇ ತಿಗಣೆ ತರುತ್ತೇವೆ ಎಂದಾಗ ಅತ್ತೆ ಒಪ್ಪಲು ಸಮಯ ಹಿಡಿಯಿತು. ಕೊನೆಗೆ ಒಂದು ಷರತ್ತು ಹಾಕಿದರು.

"ಸಾಕ್ಕೊಳ್ರಿ. ಆದ್ರೆ ಆ ಕೋಣೆಯಿಂದ ನನ್ನ ಹುಳದ ಮನೆಗೆ ಒಂದು ಕಡ್ಡಿನೂ ಬರಕೂಡ್ದು. ಕಾಲು ತೊಳ್ಕೊಂಡೇ ಬರ್ಬೇಕು, ನೀನೂ ಅಷ್ಟೇ, ಅವನೂ ಅಷ್ಟೇ."

ಕುಂಬಳಕಾಯಿ ತರುವ ಕೆಲಸ ಚಿಕ್ಕಮಾವನದು. ತೊಟ್ಟು ಮುರಿದಿರಬಾರದು, ಮೈಮೇಲೆ ಗಾಯವಿರಬಾರದು, ಮೈಮೇಲಿನ ಏಣುಗಳು ಎದ್ದು ಕಾಣಬೇಕು, ಏಕೆಂದರೆ ಅವುಗಳ ನಡುವಿನ ಸಂದಿನಲ್ಲೇ ತಿಗಣೆ ನೆಲೆಯೂರುವುದು. ಮುರುಗಮಲ್ಲದ ಕಡೆಯ ರೈತರು ಚಿಂತಾಮಣಿ ಸಂತೆಗೆ ತರುತ್ತಿದ್ದ ಕಾಯಿಗಳನ್ನು ಅವರು ಹೆಣ್ಣು ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿ ಆರಿಸುತ್ತಿದ್ದರು. ಮನೇಲಿ ಮದುವೆಯಾ ಎಂದು ಮಾರುವವಳು ಕೇಳಿದರೆ ಹೌದು ಅಂದುಬಿಡುತ್ತಿದ್ದರಂತೆ. ನಿಜ ಹೇಳಿದರೆ ಅವಳು ಮುಂದಿನ ಸಲ ಕಾಯಿ ಕೊಡುವುದಿಲ್ಲ ಎಂಬ ಭಯ.

ಕಷ್ಟವೇನೆಂದರೆ ಅವರು ಅಷ್ಟು ಮುತುವರ್ಜಿಯಿಂದ ತಂದ ಕಾಯಿಗಳಲ್ಲಿ ಬಹಳ ಚೆನ್ನಾದದ್ದು ಅಡುಗೆಮನೆಗೆ ಹೋಗುತ್ತಿತ್ತು. ಅತ್ತೆಗೆ ಅಂಥ ಬಂಗಾರದಂಥ ಕಾಯಿಯನ್ನು ತಿಗಣೆಗೆ ಕೊಡಲು ಮನಸ್ಸು ಬರುತ್ತಿರಲಿಲ್ಲ. ನಾನು ಕಾಯಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಗೀರು ಬಿದ್ದ ಕಡೆ ಮೇಣ ಮೆತ್ತಿ, ಸಾಲಾಗಿಟ್ಟು ಬರುವಷ್ಟರಲ್ಲಿ ಒಂದು ಕಡಿಮೆಯಾಗಿರುತ್ತಿತ್ತು. ಮಧ್ಯಾಹ್ನ ತಟ್ಟೆಗೆ ಕುಂಬಳಕಾಯಿ ಹುಳಿ ಬಿದ್ದಾಗ ಚಿಕ್ಕಮಾವ ಒಂದು ತುತ್ತು ತಿಂದು, ಇದು ಮೊನ್ನೆಯ ಕಾಯಿ, ತೊಟ್ಟು ಬಾಗಿತ್ತಲ್ಲ ಅದು ಎಂದು ಗುರುತು ಹಿಡಿಯುತ್ತಿದ್ದರು. ಬಡಿಸಿದ್ದನ್ನು ಬಿಡುತ್ತಿರಲಿಲ್ಲ.

ಕೋಣೆಯ ಬಾಗಿಲು ತೆಗೆದರೆ ಗುಲಗಂಜಿಗಳು ಬೆಳಕಿಗೆ ಹಾರಿ ಬರುತ್ತಿದ್ದವು. ಕಿಟಕಿಯ ಗಾಜಿನ ಮೇಲೆ, ಚಿಕ್ಕಮಾವನ ಬಿಳಿ ಅಂಗಿಯ ಮೇಲೆ ಕೂರುತ್ತಿದ್ದವು. ಅವರು ಅಂಗಿ ಕೊಡವದೆ, ಮೈ ಅಲುಗಿಸದೆ, ತೋಟದವರೆಗೆ ಹಾಗೇ ನಡೆದುಕೊಂಡು ಹೋಗುತ್ತಿದ್ದರು. ಎದುರು ಸಿಕ್ಕವರು ಮಾತಾಡಿಸಿದರೆ ಬಾಯಿ ಮಾತ್ರ ಆಡುತ್ತಿತ್ತು.

ಆ ವರ್ಷವೇ ಇನ್ನೊಂದು ಸಂಗತಿ ನಡೆಯಿತು. ನಮ್ಮ ಹಿಪ್ಪುನೇರಳೆಯಲ್ಲಿ ಕುಡಿಗಳು ಸುರುಟಿಕೊಂಡು ಮುದುಡುವ ರೋಗ ಹಿಂದಿನಿಂದಲೂ ಇತ್ತು. ಅದಕ್ಕೂ ಇಂಥದೇ ಒಂದು ಹಿಟ್ಟು ತಿಗಣೆ ಕಾರಣ. ಮುದುಡಿದ ಕುಡಿ ಕಿತ್ತು ಸುಡುವುದು ಬಿಟ್ಟರೆ ನಮಗೆ ಬೇರೆ ದಾರಿಯಿರಲಿಲ್ಲ. ಒಂದು ದಿನ ಅತ್ತೆ ಅಂಥ ಕುಡಿಯೊಂದನ್ನು ಬಿಡಿಸಿದರೆ ಒಳಗೆ ಗುಲಗಂಜಿ ಮರಿ. ಬದು ದಾಟಿ ತಾವಾಗಿಯೇ ಬಂದಿದ್ದವು. ಅತ್ತೆ ಕುಡಿಯನ್ನು ಇದ್ದ ಹಾಗೆ ಮಡಿಸಿ, ಗಿಡದಲ್ಲೇ ಬಿಟ್ಟು ಬಂದರು. ಆಮೇಲೆ ಬದುವಿನ ಸೀರೆಗಳನ್ನು ಬಿಚ್ಚಿಸಿದರು. ಬಿಸಿಲಿಗೆ ಅವು ಪಿಸಿದು ಹೋಗಿದ್ದವು, ತಟ್ಟೆ ಒರೆಸಲು ಬಂದವು.

ಔಷಧಿ ಪೂರ್ತಿ ನಿಂತಿತೆಂದಲ್ಲ. ಮಳೆಗಾಲದಲ್ಲಿ ಎಲೆಗೆ ಬೂಜು ಬಂದರೆ ಚಿಕ್ಕಮಾವ ಮೈಲುತುತ್ತ ಸುಣ್ಣ ಬೆರೆಸಿ ಹೊಡೆಯಲೇಬೇಕಿತ್ತು. ಆದರೆ ಹೊಡೆಯುವ ಹಿಂದಿನ ದಿನ ಬಂದು, "ವದಿನಾ, ಹುಳ ಯಾವ ಜ್ವರದಲ್ಲೈತೆ?" ಎಂದು ಕೇಳುತ್ತಿದ್ದರು. ಅತ್ತೆ ನಾಳೆ ಬೇಡ ಎಂದರೆ ಬೇಡ. ಗುಲಗಂಜಿ ಕೇಳಿಕೊಂಡು ನಂದಿಯಿಂದ ಬೆಳೆಗಾರರು ಬರತೊಡಗಿದಾಗ ಅವರಿಗೂ ಚಿಕ್ಕಮಾವ ಮೊದಲು ಇದನ್ನೇ ಹೇಳುತ್ತಿದ್ದರು, ಅಕ್ಕಪಕ್ಕದ ತೋಟದವರನ್ನು ಕೇಳಿ ಹೊಡೀರಿ ಎಂದು. ಡಬ್ಬಿ ತೆಗೆದುಕೊಂಡು ಹೋದ ಒಬ್ಬರು ಹುಳು ಬಿಟ್ಟ ಮರುದಿನವೇ ಔಷಧಿ ಹೊಡೆದು, ಹುಳು ಕೆಲಸ ಮಾಡಲಿಲ್ಲ ಎಂದು ದೂರು ತಂದಾಗ ಊರಿಗೆಲ್ಲ ಕೇಳುವಂತೆ ತೆಲುಗು ಹೊರಟಿತು. ಆಮೇಲೆ ಅವರಿಗೆ ಕಾಫಿ ಕೊಡಿಸಿ, ಇನ್ನೊಂದು ಡಬ್ಬಿಯನ್ನೂ ಕೊಟ್ಟು ಕಳಿಸಿದರು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮೇಡಂ ಒಂದು ವ್ಯಾನಿನಲ್ಲಿ ಕೃಷಿ ಓದುವ ಹುಡುಗಹುಡುಗಿಯರನ್ನು ಕರೆದುಕೊಂಡು ಬಂದರು. ನನ್ನ ಮಗಳು ಆಗ ಅಂಗಳದಲ್ಲಿ ಓಡಾಡುತ್ತಿದ್ದಳು. ಮೇಡಂ ಹಿತ್ತಲ ಕೋಣೆ ನೋಡಿ, ನಮ್ಮಲ್ಲಿಗಿಂತ ಇಲ್ಲೇ ಹುಳು ದಷ್ಟಪುಷ್ಟವಾಗಿದೆ ಎಂದು ನಕ್ಕರು. ಚಿಕ್ಕಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಚಪ್ಪರದ ಕೆಳಗೆ ನಿಂತು, ಅರ್ಧ ಕನ್ನಡದಲ್ಲಿ ಅರ್ಧ ತೆಲುಗಿನಲ್ಲಿ ಎಲ್ಲ ವಿವರಿಸಿದರು. ಸಿಟ್ಟಿಲ್ಲದೆ ಅವರು ತೆಲುಗು ಆಡಿದ್ದನ್ನು ನಾನು ಕೇಳಿದ್ದು ಅಂದೇ. ಒಬ್ಬ ಹುಡುಗಿ ಇದು ಕಚ್ಚುತ್ತದಾ ಎಂದು ಕೇಳಿದಳು. ಅವರು ಒಂದನ್ನು ಅವಳ ಅಂಗೈಗೆ ಬಿಟ್ಟರು. ಅದು ಬೆರಳಿನ ತುದಿಯವರೆಗೆ ನಡೆದುಹೋಗಿ, ಬೆನ್ನು ಬಿಚ್ಚಿ ರೆಕ್ಕೆ ತೆಗೆದು, ಎಲೆಗಳ ನಡುವೆ ಹಾರಿಹೋಯಿತು. ಎಲ್ಲರೂ ಅದು ಹೋದ ಕಡೆಯೇ ನೋಡುತ್ತ ನಿಂತಿದ್ದರು. ಸಾರು ಆರಿಹೋಗುತ್ತದೆ, ಬನ್ನಿ ಎಂದು ಮನೆಯಿಂದ ಅತ್ತೆ ಎರಡನೆಯ ಸಲ ಕೂಗಿದರು.